ಒಂಬತ್ತನೆಯ ಸುರಂಗದ ವಿಷಯವಾಗಿ ತಡವಳದ ರೇವಮ್ಮನ ಹೇಳಿಕೆ

ಹೇಳುವವರ ಹೆಸರು: ರೇವಮ್ಮ, ಗಂಡ ಧೂಳಪ್ಪ ಬಂಡಗಾರ. ವಯಸ್ಸು: ಐವತ್ತು. ಉದ್ಯೋಗ: ಹೊಲದ ಕೂಲಿ, ಉಣ್ಣೆ ನೂಲುವುದು, ಪ್ರತಿ ಆಯಿತವಾರ (ರವಿವಾರ) ಬೀರೋಬಾ ದೇವರ ಗುಡಿಯ ಕಸ ಹೊಡೆಯುವ ಸೇವೆ. ವಾಸ: ತಡವಳ, ತಾಲೂಕು ಅಕ್ಕಲಕೋಟೆ, ಜಿಲ್ಲಾ ಸೊಲ್ಲಾಪುರ.

ಮೇಲೆ ಹೆಸರು ಬರೆದ ನಾನು ಇಂದು ಮಂಗಳವಾರ, ತಾರೀಖು ೧೦-೨-೧೯೭೬ರಂದು, ಮುಂಜಾನೆ ಹನ್ನೊಂದೂವರೆಗೆ ಮಗ ಹಣಮಂತಪ್ಪನ ಜೊತೆ ಅಕ್ಕಲಕೋಟೆ ಪೊಲೀಸ್ ಠಾಣೆಗೆ ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಯಿಸುತ್ತಿರುವುದು ಹೀಗಿದೆ.

ನಾನು ಊರ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೇನೆ. ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಓದಲು ಬಾರದ ಕಾಗದಕ್ಕೆ ಸಹಿ ಮಾಡುವುದಿಲ್ಲ ಎಂದು ಹೇಳಿದ್ದರಿಂದ ಜಮಾದಾರರು ಕನ್ನಡದಲ್ಲಿಯೇ ಬರೆದುಕೊಳ್ಳುತ್ತಿದ್ದಾರೆ. ಗಂಡನ ಹೆಸರನ್ನು ನಾನು ಬಾಯಿಂದ ತೆಗೆಯುವುದಿಲ್ಲ, ಅದನ್ನು ಮಗ ಹೇಳಿ ಬರೆಯಿಸಿದ್ದಾನೆ. ಮುಂದೆ ಯಜಮಾನರು ಎಂದು ಬಂದಲ್ಲೆಲ್ಲ, ಆಯಿತವಾರ ಸಂಜೆಯಿಂದ ಈ ಠಾಣೆಯಲ್ಲಿ ಕೂಡಿಹಾಕಿರುವ ಮುದುಕರೇ ಎಂದು ತಿಳಿಯಬೇಕು.

ಮೊದಲು ನನ್ನ ತಪ್ಪು. ಆಯಿತವಾರ ಸಂಜೆ ಐದೂವರೆಗೆ ಜಮಾದಾರರು ನಮ್ಮ ಊರಿನಲ್ಲಿ ಅವರನ್ನು ಜೀಪು ಹತ್ತಿಸುವ ಮುಂಚೆ, ಈ ಮನುಷ್ಯನ ಗುರುತು ಯಾರಿಗಾದರೂ ಇದೆಯೇ ಎಂದು ನೆರೆದವರನ್ನು ಕೇಳಿದರು. ಗುರುತು ಹತ್ತಿದ ಹಿರಿಯರು ಇಬ್ಬರು ಮೂವರು ಇದ್ದರು. ನಾನು ಬಾಯಿ ತೆರೆಯಲೆಂದು ಅವರು ನನ್ನ ಮುಖ ನೋಡಿದರು. ಜಮಾದಾರರು ನನ್ನನ್ನೂ ಕೇಳಿದರು. 'ಗೊತ್ತಿಲ್ರೀ' ಎಂದೆ. ಅದು ಸುಳ್ಳು. ಅವರು ನನ್ನ ಗಂಡ. ಗುತ್ತೇದಾರ ಶಂಕರೆಪ್ಪನವರು ಅವರ ಮೇಲೆ ಕೊಟ್ಟಿರುವ ಫಿರ್ಯಾದಿಯಲ್ಲಿ, ಯಾರೋ ಕುಡುಕ ಮುದುಕ ಬಂದು ಬಾವಿಯ ಹಗ್ಗ ಕಡಿದ, ತಮ್ಮನ್ನು ನೂಕಿ ಗಾಯ ಮಾಡಿದ, ಕಡಿದ ಹಗ್ಗ ಮದ್ದಿನ ಮೇಲೆ ಬಿದ್ದು ಸುರಂಗ ಹಾರಿತು ಎಂದು ಇದೆಯಂತೆ. ಹಗ್ಗ ಕಡಿದದ್ದು ಖರೆ. ಉಳಿದದ್ದು ಹೇಗೆ ನಡೆಯಿತೆಂಬುದನ್ನು ಮೊದಲಿನಿಂದ ಹೇಳುತ್ತೇನೆ.

ಯಜಮಾನರು ಮೂಲದಲ್ಲಿ ಬಾವಿ ತೋಡುವವರು. ಬಾವಿಯಲ್ಲಿ ಬಂಡೆ ಹತ್ತಿದರೆ ಅದರಲ್ಲಿ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟು ಸಿಡಿಸುತ್ತಾರೆ. ಇದಕ್ಕೆ ನಮ್ಮ ಕಡೆ ಸುರಂಗ ಹಾರಿಸುವುದು ಎನ್ನುತ್ತಾರೆ. ಈ ಕೆಲಸದಲ್ಲಿ ಅವರಂಥವರು ಸುತ್ತ ಹನ್ನೆರಡು ಹಳ್ಳಿಯಲ್ಲಿ ಇರಲಿಲ್ಲ. ಬಂಡೆಯನ್ನು ಅಂಗೈಯಿಂದ ತಟ್ಟಿ ಅದು ಎಲ್ಲಿ ಒಡೆಯುತ್ತದೆಂದು ಹೇಳುತ್ತಿದ್ದರು, ಅಲ್ಲಿಯೇ ಒಡೆಯುತ್ತಿತ್ತು. ಒಂದು ಗೆರೆ ಕೊರೆದ ಬಿದಿರು ಕಡ್ಡಿ ಇಟ್ಟುಕೊಂಡು ಬತ್ತಿಗಳನ್ನು ಒಂದಕ್ಕಿಂತ ಒಂದು ನಾಲ್ಕು ಬೆರಳು ಹೆಚ್ಚು ಉದ್ದ ಕತ್ತರಿಸುತ್ತಿದ್ದರು. ಹಾಗೆ ಮಾಡಿದರೆ ಸುರಂಗಗಳು ಒಂದಾದ ಮೇಲೆ ಒಂದು ಹಾರುತ್ತವೆ, ಎರಡು ಕೂಡಿ ಹಾರುವುದಿಲ್ಲ, ಎಣಿಸಲು ಸಿಗುತ್ತವೆ. ಎಣಿಕೆಗೆ ಒಂದು ಕಡಿಮೆ ಬಿದ್ದರೆ ಅದರ ಬತ್ತಿ ಒಳಗೆ ಇನ್ನೂ ಉರಿಯುತ್ತಿರಬಹುದು, ಯಾವಾಗ ಬೇಕಾದರೂ ಹಾರಬಹುದು. ಅವರು ಮೇಲೆ ಕುಳಿತು ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಸರಿಸುತ್ತ ಎಣಿಸುವರು. ಎಣಿಕೆ ಸರಿಯಾದರೆ ಬೀರೋಬಾನ ಹೆಸರು ಹೇಳಿ ಒಂದು ಮುಷ್ಟಿ ಭಂಡಾರ, ಅಂದರೆ ಅರಿಷಿಣ ಪುಡಿ, ಬಾವಿಯೊಳಗೆ ತೂರುವರು. ಭಂಡಾರ ಬಿತ್ತೆಂದರೆ ಇಳಿಯಬಹುದು ಎಂದು ಅರ್ಥ. ಅದು ದೇವರ ಮಾತು. ಆಮೇಲೆ ಯಾರೂ ಎದುರಾಡುವುದಿಲ್ಲ.

೧೯೫೯ನೆಯ ಇಸವಿಯ ಬೇಸಿಗೆಯಲ್ಲಿ ನನ್ನ ತಮ್ಮ ನಾಗಣ್ಣ, ವಯಸ್ಸು ಇಪ್ಪತ್ತೆರಡು, ಯಜಮಾನರ ಕೈಕೆಳಗೆ ದುಡಿಯುತ್ತಿದ್ದ. ಒಂದು ದಿನ ಆರು ಸುರಂಗ ಹೂಡಿದ್ದರು, ಐದು ಕೇಳಿಸಿದವು. ಆಗಿನ ಗುತ್ತೇದಾರರು, ಈಗ ಅವರು ಇಲ್ಲ, ಎರಡು ಜೋಡಿಯಾಗಿ ಹಾರಿವೆ, ಹೊತ್ತು ಹೋಗುತ್ತದೆ, ಇಳಿಯಿರಿ ಎಂದು ಗಡಬಡಿಸಿದರು. ತಾವು ಅಳೆದು ಕತ್ತರಿಸಿದ ಬತ್ತಿ ಜೋಡಿ ಹಾರುವುದಿಲ್ಲವೆಂದು ಯಜಮಾನರಿಗೆ ಗೊತ್ತಿತ್ತು. ಆದರೆ 'ಇರಬಹುದು' ಎಂದರು. ಭಂಡಾರ ತೂರಿದರು. ಮೊದಲು ಇಳಿದವನು ನಾಗಣ್ಣ, ಆರನೆಯದು ಆಗ ಹಾರಿತು. ಅವನನ್ನು ಕಂಬಳಿಯಲ್ಲಿ ಮನೆಗೆ ತಂದರು. ಕಂಬಳಿ ನಾನು ನೂತ ಉಣ್ಣೆಯದು, ಅದರ ತೂಕ ಗೊತ್ತಿತ್ತು, ಒಳಗೆ ಎಷ್ಟು ಉಳಿದಿದೆಯೆಂದು ತಿಳಿಯಿತು.

ಅವನ ತಿಥಿಕರ್ಮ ಮುಗಿದ ಸಂಜೆ ನಾನು ಹೊಸ್ತಿಲ ಮೇಲೆ ನಿಂತು ಹತ್ತು ಮಂದಿಯ ಮುಂದೆ, 'ನಾಗಣ್ಣನ್ನ ಕರ್ಕೊಂಡು ಬರ್ರಿ, ಇಲ್ಲಂದ್ರ ಈ ಹೊಸ್ತಿಲ ದಾಟಬ್ಯಾಡ್ರಿ' ಎಂದೆ. ಅವರು ಮೈಮೇಲಿನ ಬಟ್ಟೆಯಲ್ಲಿ ಹೋದರು. ಹಣಮಂತಪ್ಪನಿಗೆ ಆಗ ಹತ್ತು ವರ್ಷ. ಬಿದಿರು ಕಡ್ಡಿ ಮನೆಯ ಜಂತಿಯಲ್ಲಿ ಉಳಿಯಿತು. ಈಗ ಹಣಮಂತಪ್ಪ ಅದೇ ಕಡ್ಡಿಯಿಂದ ಬತ್ತಿ ಅಳೆಯುತ್ತಾನೆ. ಅವನು ಈ ಕೆಲಸಕ್ಕೆ ಹೋಗುವುದು ಬೇಡವೆಂದು ಹೇಳಿದ್ದೆ. ದುಡಿಯುವ ಕೈ, ಕೇಳಲಿಲ್ಲ.

ಇದೇ ಜನವರಿ ೧೮, ಆಯಿತವಾರ, ಹತ್ತು ನಲವತ್ತಕ್ಕೆ ಅಕ್ಕಲಕೋಟೆಯ ಎಸ್.ಟಿ. ಬಸ್ಸಿನಿಂದ ಇಳಿದು ಒಬ್ಬ ಮುದುಕರು ಬೀರೋಬಾನ ಗುಡಿಯ ಕಟ್ಟೆಗೆ ಬಂದರು. ನಾನು ಕಸಬರಿಗೆ ಹಿಡಿದಿದ್ದೆ. ಗಡ್ಡ ಬೆಳ್ಳಗಾಗಿದೆ, ಚೀಲ ಹೊತ್ತು ಹೊತ್ತು ಬೆನ್ನು ಒಂದು ಮಗ್ಗುಲಿಗೆ ವಾಲಿದೆ. ಆದರೆ ಕೂಡುವ ಮುಂಚೆ ಕಲ್ಲನ್ನು ಅಂಗೈಯಿಂದ ತಟ್ಟಿ ನೋಡಿ ಕೂಡುವವರು ಅವರೊಬ್ಬರೇ. ಗುರುತು ಹತ್ತಿತು. ಅವರ ಸುತ್ತ ಕಸ ಹೊಡೆದೆ. ಅವರು ಕಾಲು ಎತ್ತಿಕೊಂಡರು. ಒಂದು ಗಂಟೆಯ ಸುಮಾರಿಗೆ ಊರ ಪಶ್ಚಿಮಕ್ಕೆ ತೋಡುತ್ತಿರುವ ಹೊಸ ಬಾವಿಯಲ್ಲಿ ಹಣಮಂತಪ್ಪ ಹೂಡಿದ ಸುರಂಗಗಳು ಹಾರಿದವು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ನಾಲ್ಕು ಗಂಟೆಯ ಬಸ್ಸಿಗೆ ಹೋದರು.

ಮುಂದಿನ ಆಯಿತವಾರ ಮತ್ತೆ ಬಂದರು. ಗುಡಿಯ ಮೊದಲ ಮೆಟ್ಟಿಲು ಎಷ್ಟೋ ವರ್ಷದಿಂದ ಅಲುಗಾಡುತ್ತಿತ್ತು, ಮೂವರು ಹೆಂಗಸರು ಅದರ ಮೇಲಿಂದ ಬಿದ್ದಿದ್ದರು. ಅವರು ಅದನ್ನು ಒಬ್ಬರೇ ಮೀಟಿ ಎಬ್ಬಿಸಿ, ಅಡಿಗೆ ಚಕ್ಕೆಕಲ್ಲು ಕೊಟ್ಟು ಕೂಡಿಸಿದರು. ಎರಡು ತಾಸು ಹಿಡಿಯಿತು. ನೆರೆಮನೆಯ ಅಕ್ಕನಾಗಮ್ಮ ಅದನ್ನು ನೋಡಿ, 'ಯಾರ ಯವ್ವಾ ಈ ಮುದುಕ, ಕೂಲಿ ಕೊಡೋರು ಯಾರೂ ಇಲ್ಲ, ಎತ್ತಿನಂಗ ದುಡ್ಯಾಕತ್ಯಾನ' ಎಂದು ನನ್ನನ್ನು ಕೇಳಿದಳು. 'ದೇವರ ಕೂಲಿ ಇರಬೇಕು ಬಿಡು' ಎಂದೆ. ಈಗ ಆ ಮೆಟ್ಟಿಲ ಮೇಲೆ ತುಂಬಿದ ಕೊಡ ಇಟ್ಟರೆ ನೀರು ತುಳುಕುವುದಿಲ್ಲ. ಬೇಕಾದರೆ ಸಾಹೇಬರು ಬಂದು ನೋಡಬಹುದು.

ಮೂರನೆಯ ಆಯಿತವಾರ, ಫೆಬ್ರವರಿ ೧ರಂದು, ನನಗೆ ತಡೆಯಲಾಗಲಿಲ್ಲ. ಅವರ ಕಡೆ ನೋಡದೆ ದೇವರ ಕಡೆ ಮುಖ ಮಾಡಿ, 'ಬೀರಪ್ಪಾ, ಹದಿನೇಳು ವರ್ಷ ಸತ್ತಾರೋ ಬದುಕ್ಯಾರೋ ಸುದ್ದಿಲ್ಲದವರು ಈಗ ಯಾಕ ಬರ್ತಾರ, ನೀನಾರ ಒಂದ ಮಾತ ಕೇಳು' ಎಂದೆ. ಅವರು ಗುಡಿಯ ಕಂಬಕ್ಕೆ, 'ಕಂಬಪ್ಪಾ, ಮಗಾ ಮದ್ದಿನ ಕೆಲಸಕ್ಕ ಹೋಗ್ಯಾನಂತ ಪ್ಯಾಟ್ಯಾಗ ತಡವಳದವರು ಅಂದ್ರು. ಕಿವಿಗೊಟ್ಟು ಕುಂಡ್ರಾಕ ಬಂದೀನಿ. ಮತ್ತೇನ ಬೇಡಾಕ ಬಂದಿಲ್ಲಂತ ಹೇಳು' ಎಂದರು. ಸ್ವಲ್ಪ ಹೊತ್ತಿನ ಮೇಲೆ, 'ಹುಡುಗ ಬತ್ತಿ ಪಾಡ ಕಡೀತಾನ, ಒಂದಕ್ಕೊಂದು ತಾಕಂಗಿಲ್ಲ' ಎಂದು ಅದನ್ನೂ ಕಂಬಕ್ಕೇ ಹೇಳಿದರು. ನಾನು ತಂಬಿಗೆ ತಂದಿಟ್ಟು, 'ನೀರ ಇಟ್ಟೀನಿ ಬೀರಪ್ಪಾ, ದಣದವರು ಯಾರಾರ ಕುಡೀಲಿ' ಎಂದೆ. ಅವರು ಕುಡಿದು ತಂಬಿಗೆ ತೊಳೆದು ಬೋರಲು ಹಾಕಿದರು. ಎರಡು ತಾಸಿನ ಬಸ್ ಪ್ರವಾಸ ಮಾಡಿ ಅವರು ಬರುತ್ತಿದ್ದದ್ದು ಮಗನ ಸುರಂಗ ಎಣಿಸಲು. ಇದು ನನಗೆ ಅಂದು ತಿಳಿಯಿತು.

ಇನ್ನು ಮೊನ್ನೆಯ ಆಯಿತವಾರ, ಫೆಬ್ರವರಿ ೮. ಮುಂಜಾನೆ ಏಳಕ್ಕೆ ಹಣಮಂತಪ್ಪ ಗುಡಿಗೆ ಬಂದು, 'ಅವ್ವಾ, ಇವತ್ತ ಒಂಬತ್ತ ಅದಾವು, ಭಂಡಾರ ಮುಷ್ಟಿ ತುಂಬ ಕೊಡು' ಎಂದು ಕೇಳಿದ. ದೇವರ ವಾರ ಒಂದಾದರೂ ಬಿಡಬಾರದೇ ಎಂದೆ. ಶಂಕರೆಪ್ಪನವರ ಕಲ್ಲು ಕೊರೆಯುವ ಯಂತ್ರ ಸಂಜೆಯೊಳಗೆ ಮಂಗಳವೇಢೆಗೆ ಹೋಗಬೇಕಾಗಿದೆ, 'ದೇವರನ್ನ ನೀ ಒಪ್ಪಸು, ಗುತ್ತೇದಾರನ್ನ ಒಪ್ಪಸೋದು ನನ್ನ ಕೈಲಿ ಆಗಂಗಿಲ್ಲ' ಎಂದು ನಕ್ಕು ಹೋದ. ಶಂಕರೆಪ್ಪನವರು ಸೊಲ್ಲಾಪುರ ಪೇಟೆಯ ವ್ಯಾಪಾರಸ್ಥರ ಮನೆತನದವರು, ಈ ಬಾವಿಯ ಗುತ್ತಿಗೆ ಅವರದು.

ಯಜಮಾನರು ಹತ್ತು ನಲವತ್ತರ ಬಸ್ಸಿಗೆ ಬಂದರು. ಅಲ್ಲಿಂದ ಒಂದು ಗಂಟೆಯವರೆಗೆ ನನ್ನಿಂದ ನಾಲ್ಕು ಮಾರು ದೂರದಲ್ಲಿ ಕುಳಿತಿದ್ದರು. ಕುಡಿದದ್ದು ನನ್ನ ತಂಬಿಗೆಯ ನೀರು, ಬೇರೆ ಏನೂ ಇಲ್ಲ. ಹನ್ನೆರಡು ಐವತ್ತಕ್ಕೆ ಸುರಂಗ ಶುರುವಾದವು. ಅವರ ಹೆಬ್ಬೆರಳು ಗೆಣ್ಣುಗಳ ಮೇಲೆ ಸರಿಯಿತು. ಸದ್ದು ನಿಂತಿತು. ಹೆಬ್ಬೆರಳು ಅಲ್ಲಿಯೇ ನಿಂತಿತು. ಅವರು ನನ್ನ ಕಡೆ ತಿರುಗಿ, 'ಎಷ್ಟ ಇದ್ದುವು?' ಎಂದರು. 'ಒಂಬತ್ತು' ಎಂದೆ. 'ಎಂಟು' ಎಂದರು. ಹದಿನೇಳು ವರ್ಷದ ಮೇಲೆ ನಾವು ಒಬ್ಬರಿಗೊಬ್ಬರು ನೇರ ಆಡಿದ ಮಾತು ಇಷ್ಟೇ.

ಅವರು ಅಂಗೈಯನ್ನು ಕಟ್ಟೆಯ ಕಲ್ಲಿಗೆ ಒತ್ತಿ ಹಿಡಿದು ಕಾಯುತ್ತ ಕುಳಿತರು. ಎಂಟು ಹತ್ತು ಮಿನಿಟಿನ ಮೇಲೆ ಬಾವಿಯ ಕಡೆಯಿಂದ, ಬೀರೋಬಾನ ಹೆಸರಿನಲ್ಲಿ ಚಾಂಗಭಲೋ ಎಂದು ಹಣಮಂತಪ್ಪನ ಜಯಘೋಷ ಕೇಳಿತು. ಭಂಡಾರ ಬಿತ್ತು ಎಂದು ಇಬ್ಬರಿಗೂ ತಿಳಿಯಿತು. ಅವರು ಎದ್ದರು.

ಗುಡಿಯಿಂದ ಬಾವಿಗೆ ಜಮಾದಾರರು ಪಂಚನಾಮೆಯಲ್ಲಿ ಅಳೆದಂತೆ ಮುನ್ನೂರ ಹತ್ತು ಮೀಟರ್. ಅವರಿಗೆ ಅರವತ್ತು ವಯಸ್ಸು, ಎಡಮೊಣಕಾಲು ಪೂರ್ತಿ ಮಡಚುವುದಿಲ್ಲ. ಕೊಯ್ದ ಜೋಳದ ಕೂಳೆಯಲ್ಲಿ ಬರಿಗಾಲಿನಲ್ಲಿ ಓಡಿದರು. ನಾನು ಹಿಂದೆ ಓಡಿದೆ, ಹಿಡಿಯಲು ಆಗಲಿಲ್ಲ. ದಾರಿಯಲ್ಲಿ ಜೋಳ ಕೊಯ್ಯುತ್ತಿದ್ದ ಉಮಾಬಾಯಿಯ ಕೈಯಿಂದ ಕುಡುಗೋಲು ಕಸಿದುಕೊಂಡರು. 'ಏ ಹುಚ್ಚಪ್ಪಾ, ಎಲ್ಲಿ ಒಯ್ಯಾಕತ್ತೀಯೋ, ನನ್ನ ಸಾಲು ನಿಮ್ಮಪ್ಪ ಕೊಯ್ತಾನೇನು' ಎಂದು ಅವಳು ಬೈದಳು.

ಬಾವಿ ಮೂವತ್ತೆಂಟು ಫೂಟು ಆಳ. ಮೆಟ್ಟಿಲು ಇನ್ನೂ ಕಟ್ಟಿಲ್ಲ, ಪೂರ್ವದ ದಂಡೆಯ ರಾಟಿಗೆ ಕಟ್ಟಿದ ಹಗ್ಗ ಹಿಡಿದು ಇಳಿಯಬೇಕು. ನಾವು ಮುಟ್ಟಿದಾಗ ಹಣಮಂತಪ್ಪ ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದ, ಒಂದು ಕಾಲು ಬಾವಿಯೊಳಗೆ ಇಳಿಬಿಟ್ಟಿದ್ದ. ಶಂಕರೆಪ್ಪನವರು ಕೈಗಡಿಯಾರ ನೋಡಿ ಒಂದು ಗಂಟೆ ನಾಲ್ಕು ಮಿನಿಟಾಯಿತು, ಇಳಿಯಿರಿ ಎಂದು ಕೂಗುತ್ತಿದ್ದರು. ಅಂದಿನ ವೇಳೆಯೆಲ್ಲ ನನಗೆ ಗೊತ್ತಿರುವುದು ಅವರು ಹೀಗೆ ಮೇಲಿಂದ ಮೇಲೆ ಕೂಗಿ ಹೇಳುತ್ತಿದ್ದದ್ದರಿಂದ. ಎಂಟೇ ಕೇಳಿಸಿದವು ಎಂದು ಹಣಮಂತಪ್ಪನೂ ಹೇಳಿದ್ದನಂತೆ. ಅದಕ್ಕೆ ಶಂಕರೆಪ್ಪನವರು, 'ಎರಡ ಜೋಡಿ ಹಾರ್ಯಾವಲೇ. ಮೀಸಿ ಬಿಟ್ಟೀಯಲ್ಲ, ಯಾಕ ಬಿಟ್ಟಿ, ಹುಣಸಿ ಹಣ್ಣ ಹಿಂಡಾಕೇನು?' ಎಂದು ನಗಾಡಿದ್ದರಂತೆ. ಎಲ್ಲರೂ ನಕ್ಕರಂತೆ. ಮಗನಿಗೆ ನಾಚಿಕೆಯಾಗಿ ಭಂಡಾರ ತೂರಿದನಂತೆ.

ಯಜಮಾನರು ಯಾರ ಮುಖವನ್ನೂ ನೋಡದೆ ರಾಟಿಯ ಬುಡದಲ್ಲಿ ಹಗ್ಗಕ್ಕೆ ಕುಡುಗೋಲು ಹಾಕಿದರು. ಎಡಗೈಯಿಂದ ಹಣಮಂತಪ್ಪನ ಸೊಂಟ ಹಿಡಿದು ಹಿಂದಕ್ಕೆ ಜಗ್ಗಿದರು. ಹಗ್ಗ ಅವನ ಕೈಯಿಂದ ಕಳಚಿ ಬಾವಿಗೆ ಬಿತ್ತು. ಬಾಯಿಂದ ಹೇಳಬಹುದಿತ್ತಲ್ಲ ಎಂದು ಫೌಜದಾರ ಸಾಹೇಬರು ಕೇಳಿದ್ದಾರೆ. ಭಂಡಾರ ಬಿದ್ದ ಮೇಲೆ, ಗುರುತಿಲ್ಲದ ಮುದುಕನ ಮಾತನ್ನು ಯಾರು ಕೇಳುತ್ತಿದ್ದರು? ಒಂದು ಸಲ ಬಾಯಿಯಿಂದ ಕೆಟ್ಟವರು ಎರಡನೆಯ ಸಲ ಬಾಯಿಯನ್ನು ನೆಚ್ಚಲಿಲ್ಲ.

ಶಂಕರೆಪ್ಪನವರು ಅವರ ಕೊರಳಪಟ್ಟಿ ಹಿಡಿದು ಎರಡು ಏಟು ಹಾಕಿದರು. ಯಜಮಾನರು ಕೊಡವಿಕೊಂಡರು, ಮಗನನ್ನು ಬಿಡಲಿಲ್ಲ. ಶಂಕರೆಪ್ಪನವರು ಕಲ್ಲಿನ ರಾಶಿಯ ಮೇಲೆ ಬಿದ್ದು ಹಣೆಗೆ ಗಾಯವಾಯಿತು, ನಾಲ್ಕು ಹೊಲಿಗೆ ಬಿದ್ದಿವೆ. ಬೇಕೆಂದು ಕೆಡವಿದ್ದಲ್ಲ. ಆಳುಗಳು ಮುದುಕನಿಗೆ ಹುಚ್ಚು ಹಿಡಿದಿದೆ ಎಂದು ಕೈ ಜಗ್ಗಿದರು. ಹಣಮಂತಪ್ಪ, ಯಾರೆಂದು ತಿಳಿಯದೆ, ಬಲಗೈಯಿಂದ ಅವರ ಕಪಾಳಕ್ಕೆ ಹೊಡೆದ. ಅವರು ಅವನನ್ನು ಅಪ್ಪಿ ಹಿಡಿದುಕೊಂಡು ನೆಲಕ್ಕೆ ಕುಳಿತುಬಿಟ್ಟರು. ಅಷ್ಟರಲ್ಲಿ ಒಂಬತ್ತನೆಯದು ಹಾರಿತು. ವೇಳೆ ಒಂದು ಗಂಟೆ ಒಂಬತ್ತು ಮಿನಿಟು.

ಹಗ್ಗ ಬಿದ್ದದ್ದು ಪೂರ್ವಕ್ಕೆ. ಆ ಸುರಂಗದ ಗುಂಡಿ ಪಶ್ಚಿಮಕ್ಕಿದೆ, ನಡುವೆ ಇಪ್ಪತ್ತು ಫೂಟು ಅಂತರ. ನಿನ್ನೆ ಮುಂಜಾನೆ ಪಂಚನಾಮೆಯಲ್ಲಿ ಜಮಾದಾರರು ಇದನ್ನು ತಮ್ಮ ಕಣ್ಣಿನಿಂದ ನೋಡಿದ್ದಾರೆ. ಹಗ್ಗದಿಂದ ಹಾರಿತೆಂಬುದಕ್ಕೆ ಆಧಾರವಿಲ್ಲ.

ಕಲ್ಲು ಬಾವಿಯ ಮೇಲೆ ಮೂವತ್ತು ಫೂಟು ಎತ್ತರ ಎದ್ದು ಬಿದ್ದವು. ಒಂದು ಕಲ್ಲು ಯಂತ್ರದ ಮೇಲೆ ಬಿದ್ದು ಅದು ಕೆಟ್ಟಿತು. ಶಂಕರೆಪ್ಪನವರ ಸಿಟ್ಟು ನನಗೆ ತಿಳಿಯುತ್ತದೆ. ಇನ್ನೊಂದು ಕಲ್ಲು ಯಜಮಾನರ ಎಡಭುಜಕ್ಕೆ ಬಡಿಯಿತು, ಮಗ ಅವರ ಮೈಯ ಅಡಿಗಿದ್ದ. ಧೂಳು ಇಳಿದ ಮೇಲೆ ಅವರು ಹಣಮಂತಪ್ಪನ ತಲೆಗೂದಲಲ್ಲಿ ಬೆರಳಾಡಿಸಿ ರಕ್ತ ಇದೆಯೇ ಎಂದು ನೋಡಿದರು. ಇರಲಿಲ್ಲ. ಕೈ ತೆಗೆದುಕೊಂಡರು. 'ಯಾರ ನೀ?' ಎಂದು ಮಗ ಕೇಳಿದ. 'ಹಮಾಲ' ಎಂದರು.

ಭಂಡಾರ ಬಿದ್ದ ಮೇಲೆ ಹಗ್ಗ ಕಡಿದದ್ದು ದೇವರಿಗೆ ಅಪಮಾನ ಎಂದು ಊರಲ್ಲಿ ಕೆಲವರು ಆಡುತ್ತಿದ್ದಾರೆ. ಆ ದೇವರ ಅಂಗಳದ ಕಸ ಮೂವತ್ತು ವರ್ಷದಿಂದ ಹೊಡೆಯುತ್ತಿರುವವಳು ನಾನು. ಬೀರೋಬಾ ಅರಿಷಿಣಕ್ಕೆ ಸಿಟ್ಟಾಗುವ ದೇವರಲ್ಲ. ಅವನಿಗೆ ಎಣಿಕೆ ಬರುತ್ತದೆ.

ಹೀಗಿದ್ದೂ ಅಂದು ಸಂಜೆ ನಾನು ಗೊತ್ತಿಲ್ಲ ಎಂದೆ. ಹೊಸ್ತಿಲ ಮೇಲೆ ಹತ್ತು ಮಂದಿಯ ಮುಂದೆ ಆಡಿದ ಮಾತನ್ನು ಮುರಿಯಲು ಆಗಲಿಲ್ಲ. ಸೋಮವಾರ ಪಂಚನಾಮೆ ಮುಗಿಸಿ ಮನೆಗೆ ಬಂದಾಗ ಸೊಸೆ ಬೀರವ್ವ ರೊಟ್ಟಿ ಬಡಿಯುತ್ತಿದ್ದಳು, ಹಣಮಂತಪ್ಪ ಊಟಕ್ಕೆ ಕುಳಿತಿದ್ದ. ಆ ಮುದುಕರು ಯಾರೆಂದು ಅವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಬಲಗೈ ನೋಡಿಕೊಂಡ. ಆ ಕೈಯಿಂದ ಅಂದು ಉಣ್ಣಲಿಲ್ಲ. ಆಮೇಲೆ, 'ಅಕ್ಕಲಕೋಟಿ ಬಸ್ಸ ಎಷ್ಟಕ್ಕೈತಿ ಅವ್ವಾ?' ಎಂದ.

ಇಂದು ಮುಂಜಾನೆ ಮೊದಲ ಬಸ್ಸಿಗೆ ಬಂದು, ಠಾಣೆಗೆ ಬರುವ ಮುಂಚೆ ಅಡತಿ ಅಂಗಡಿಗಳ ಸಾಲಿನಲ್ಲಿ ಹಮಾಲರನ್ನು ವಿಚಾರಿಸಿದೆವು. ಮಗ ಅಪ್ಪನ ಹೆಸರು ಹೇಳಿದ ಕೂಡಲೇ ಅವರು ಚೀಲ ಇಳಿಸಿ ನಿಂತರು. ಹದಿನೇಳು ವರ್ಷದಲ್ಲಿ ಯಾರೊಡನೆಯೂ ಜಗಳವಿಲ್ಲ, ಕುಡಿತವಿಲ್ಲ. ಬಾವಿಯ ಗುತ್ತೇದಾರರು ಎಷ್ಟು ಸಲ ಕರೆಯಲು ಬಂದರೂ ಮದ್ದು ಮುಟ್ಟಲಿಲ್ಲ, ಚೀಲವನ್ನೇ ಹೊತ್ತರು ಎಂದು ಹೇಳಿದರು. ನಾಗಣ್ಣ ಎಂಬ ಹೆಸರಿನ ಹುಡುಗ ಯಾರಾದರೂ ಹಮಾಲಿಗೆ ಬಂದರೆ ಅವನ ಪಾಲಿನ ದೊಡ್ಡ ಚೀಲ ಯಜಮಾನರೇ ಹೊರುತ್ತಿದ್ದರಂತೆ. ಯಾಕೆಂದು ಹಮಾಲರಿಗೆ ಗೊತ್ತಿಲ್ಲ.

ಠಾಣೆಯಲ್ಲಿ ಫೌಜದಾರ ಸಾಹೇಬರು ಯಜಮಾನರನ್ನು ನಮ್ಮ ಮುಂದೆ ತರಿಸಿ, ಈ ಹೆಂಗಸು ಯಾರು ಎಂದು ಕೇಳಿದರು. 'ತಡವಳದ ಗುಡ್ಯಾಗ ಕಸಾ ಹೊಡೀತಾರ್ರಿ. ಬ್ಯಾರೆ ಗುರ್ತಿಲ್ಲ' ಎಂದರು. ನಮ್ಮ ಮೇಲೆ ಏನೂ ಬಾರದಿರಲಿ ಎಂದು ಹಾಗೆ ಹೇಳಿದ್ದು. ಆಗ ನಾನು, 'ನಾ ಇವರ ಹೇಣ್ತಿರೀ. ಹದಿನೇಳು ವರ್ಷದ ಹಿಂದ ಮನಿಗೆ ಬರಬ್ಯಾಡ್ರಿ ಅಂದಾಕೀನೂ ನಾನ. ಆ ಮಾತ ಇವತ್ತ ವಾಪಸ್ ತಗೋತೀನಿ, ಬರಕೋರಿ' ಎಂದೆ. ಇದು ಕೇಸಿಗೆ ಸಂಬಂಧವಿಲ್ಲ ಎಂದು ಜಮಾದಾರರು ಹೇಳಿದರು. ಬರೆಯದಿದ್ದರೆ ಸಹಿ ಮಾಡುವುದಿಲ್ಲ ಎಂದದ್ದರಿಂದ ಬರೆದಿದ್ದಾರೆ.

ಜಾಮೀನು ಯಾರು ಎಂದು ಕೇಳಿದಾಗ ಹಣಮಂತಪ್ಪ ಮುಂದೆ ಬಂದ. ನಿನಗೆ ಇವರು ಏನಾಗಬೇಕು ಎಂದು ಸಾಹೇಬರು ಕೇಳಿದರು. 'ನಮ್ಮಪ್ಪರೀ. ಇವರಿಗೆ ಕಪಾಳಕ್ಕ ಹೊಡದಾವನೂ ನಾನ ರೀ, ಅದನ್ನೂ ಬರಕೋರಿ' ಎಂದ. ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಭುಜದ ಮೇಲೆ ಕಲ್ಲು ಬಿದ್ದಾಗ ಅವರು ಉಸಿರು ಎತ್ತಿರಲಿಲ್ಲ. ಜಮಾದಾರರು ಲೇಖಣಿ ಕೆಳಗಿಟ್ಟು ಅವರು ಈ ಕಡೆ ತಿರುಗುವವರೆಗೆ ಕಾದರು.

ಅವರು ತಪ್ಪಿತಸ್ಥರೆಂದು ಕಂಡರೆ, ಒಂಬತ್ತು ಎಂದು ಎಣಿಕೆ ಹೇಳಿದವಳು ನಾನು, ನನ್ನ ಹೆಸರನ್ನೂ ಜೊತೆಗೆ ಸೇರಿಸಬೇಕು. ಇಲ್ಲವೆಂದು ಕಂಡರೆ ಇಂದೇ ಕಳಿಸಿಕೊಡಬೇಕು. ಅವರಿಗೆ ಎಡಗೈ ಎತ್ತಲು ಆಗುವುದಿಲ್ಲ, ಮೊಣಕಾಲೂ ಊದಿದೆ. ಬಸ್ಸು ಹತ್ತಿಸಲು ಇಬ್ಬರು ಬೇಕು. ನಾವು ಇಬ್ಬರು ಬಂದಿದ್ದೇವೆ.

ಬರೆದದ್ದನ್ನು ಜಮಾದಾರರು ಓದಿ ಹೇಳಿದರು, ನಾನೂ ಬೆರಳಿಟ್ಟು ಓದಿಕೊಂಡೆ. ನಾನು ಹೇಳಿದಷ್ಟೇ ಇದೆ, ಹೇಳಿದ್ದು ಖರೆ ಇದೆ. ಬೀರೋಬಾನ ಆಣೆ.

ಸ್ಥಳ: ಅಕ್ಕಲಕೋಟೆ ಪೊಲೀಸ್ ಠಾಣೆ
ತಾರೀಖು: ೧೦-೨-೧೯೭೬, ಮಧ್ಯಾಹ್ನ ಎರಡು ಗಂಟೆ ಹತ್ತು ಮಿನಿಟು

(ಸಹಿ) ರೇವಮ್ಮ
ನನ್ನ ಸಮಕ್ಷಮ: (ಸಹಿ) ಜಮಾದಾರ